ಮೋವಾ ಇನ್ನೂ ಬದುಕಿದೆಯಾ?

1993ರ ಜನವರಿಯಲ್ಲಿ ನ್ಯೂಜಿಲೆಂಡಿನ ಕ್ರೇಗಿಬರ್ನ್ ಬೆಟ್ಟಗಳಿಗೆ ಚಾರಣ ಹೋಗಿದ್ದ ಮೂವರು, ಆಳೆತ್ತರದ ಹಕ್ಕಿಯೊಂದನ್ನು ಕಂಡೆವು ಅಂದರು. ಫೋಟೋನೂ ತೋರಿಸಿದರು, ಆದರೆ ಅದು ಮಸುಕು. ಅವರ ಪ್ರಕಾರ ಆ ಹಕ್ಕಿ ಮೋವಾ. ನಂಬೋದಾ, ಬೇಡವಾ? ಇವತ್ತು ಇದನ್ನೇ ನೋಡೋಣ.

ಮೋವಾ ಕಟ್ಟುಕಥೆಯ ಹಕ್ಕಿ ಅಲ್ಲ. ರೆಕ್ಕೆಯ ಮೂಳೆಯೇ ಇಲ್ಲದ ಈ ಹಕ್ಕಿಗಳಲ್ಲಿ ಒಂಬತ್ತು ಪ್ರಭೇದಗಳಿದ್ದವು. ಅತಿ ದೊಡ್ಡ ಪ್ರಭೇದದ ಹೆಣ್ಣು 200 ಕೆಜಿ ದಾಟುತ್ತಿತ್ತು. ಕತ್ತು ಚಾಚಿದರೆ ಸುಮಾರು ಮೂರೂವರೆ ಮೀಟರ್ ಎತ್ತರದ ಎಲೆಗೂ ಬಾಯಿ ಹಾಕಬಹುದಿತ್ತು. 1839ರಲ್ಲಿ ಲಂಡನ್ನಿನ ರಿಚರ್ಡ್ ಓವನ್ ಕೈಯಲ್ಲಿದ್ದದ್ದು ಸುಮಾರು 15 ಸೆಂ.ಮೀ. ಉದ್ದದ ತೊಡೆಮೂಳೆಯ ತುಂಡು ಅಷ್ಟೇ. ಅದನ್ನು ನೋಡಿಯೇ ಇದು ದೈತ್ಯ ಹಕ್ಕಿಯದು ಅಂದರು. ಆಮೇಲೆ ಸಿಕ್ಕ ರಾಶಿ ಮೂಳೆಗಳು ಅವರ ಮಾತನ್ನು ನಿಜ ಮಾಡಿದವು.

13ನೇ ಶತಮಾನದ ಕೊನೆಯ ಹೊತ್ತಿಗೆ ಮಾವೋರಿಗಳ ಪೂರ್ವಜರು ಈ ದ್ವೀಪಗಳಿಗೆ ಬಂದರು. ಎರಡು ಶತಮಾನದೊಳಗೆ ಮೋವಾ ಮುಗಿದೇಹೋಯಿತು. ಮೂಳೆಯೊಳಗಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿದರೆ, ಪೂರ್ತಿ ಬೆಳೆಯಲು ಇವಕ್ಕೆ ಹಲವು ವರ್ಷ ಬೇಕಿತ್ತು ಅಂತ ಗೊತ್ತಾಗುತ್ತೆ. ಜನ ಬೇಟೆಯಾಡಿದಷ್ಟು ಬೇಗ ಹೊಸ ಮೋವಾ ಬೆಳೆಯಲಿಲ್ಲ.

"ಹಾಗಾದರೆ ಟಕಾಹೆ ಸಿಕ್ತಲ್ಲ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ದೇಶದ ಈ ನೀಲಿ ಹಕ್ಕಿಯೂ 1898ರ ನಂತರ ಅಳಿದುಹೋಯಿತು ಅಂದುಕೊಂಡಿದ್ದರು. 1948ರಲ್ಲಿ ವೈದ್ಯ ಜೆಫ್ರಿ ಆರ್ಬೆಲ್ ಮರ್ಚಿಸನ್ ಬೆಟ್ಟಗಳಲ್ಲಿ ಮೊದಲು ಹೆಜ್ಜೆಗುರುತು ಕಂಡರು. ಅದೇ ನವೆಂಬರಿನಲ್ಲಿ ಮತ್ತೆ ಹೋಗಿ, ಜೀವಂತ ಹಕ್ಕಿಗಳನ್ನೇ ಹಿಡಿದು, ಫೋಟೋ ತೆಗೆದು ಬಿಟ್ಟರು.

ವ್ಯತ್ಯಾಸ ಇಲ್ಲಿದೆ ನೋಡಿ. ಟಕಾಹೆ ಮೂರು ಕೆಜಿ ಆಸುಪಾಸಿನ ಹಕ್ಕಿ, ಕಣ್ಮರೆಯಾಗಿದ್ದದ್ದು ಐವತ್ತು ವರ್ಷ. ಮೋವಾ ಅಡಗಿರಬೇಕಾದದ್ದು ಐದು ಶತಮಾನ! ಒಂದೇ ಹಕ್ಕಿ ಅಷ್ಟು ಕಾಲ ಬದುಕಲ್ಲ. ತಲೆಮಾರಿನಿಂದ ತಲೆಮಾರಿಗೆ ಸಾಕಷ್ಟು ಗಂಡು-ಹೆಣ್ಣುಗಳಿರಬೇಕು. ಅವು ಗರಿ ಉದುರಿಸುತ್ತವೆ, ಮೊಟ್ಟೆ ಇಡುತ್ತವೆ, ಸಾಯುತ್ತವೆ. ಗುಹೆಗಳಲ್ಲಿ ಹಳೆಯ ಮೋವಾ ಮೂಳೆ ಬೇಕಾದಷ್ಟಿವೆ, ಹೊಸದು ಒಂದೂ ಇಲ್ಲ.

ಚಾರಣಿಗರು ಸುಳ್ಳು ಹೇಳಿದರು ಅಂತ ನಾವು ಹೇಳ್ತಿಲ್ಲ. ಫೋಟೋದಲ್ಲಿರೋದು ಕೆಂಪು ಜಿಂಕೆ ಇರಬಹುದು ಅಂತ ಕೆಲವರ ಅಭಿಪ್ರಾಯ. ದೂರದ ಮಸುಕು ಆಕಾರವನ್ನು ನಮ್ಮ ಮೆದುಳು ತನಗೆ ಗೊತ್ತಿರೋ ರೂಪಕ್ಕೆ ಹೊಂದಿಸಿಬಿಡುತ್ತೆ.

ಮೋವಾ ಎಲ್ಲೋ ಇರಲಿ ಅನ್ನೋ ಆಸೆ ನಮಗೂ ಇದೆ. ಆದರೆ ಅಳಿದದ್ದು ವಾಪಸ್ ಬರಲ್ಲ ಅನ್ನೋದನ್ನ ಆ ಆಸೆ ಮರೆಸಬಾರದು. ಟಕಾಹೆ ಇವತ್ತು ಸುಮಾರು 500 ಇವೆ, ಅದೂ ಹಗಲಿರುಳು ಕಾಯುವವರಿದ್ದಾರೆ ಅಂತ.

ಇಂಥ ವಿಡಿಯೋ ವಾಟ್ಸಾಪಿನಲ್ಲಿ ಬಂದಾಗ ಮೂರೇ ಪ್ರಶ್ನೆ ಕೇಳಿ: ಮರಿ ಎಲ್ಲಿ, ಮೂಳೆ ಎಲ್ಲಿ, ಹಿಕ್ಕೆ ಎಲ್ಲಿ? ಮುಂದಿನ ಸಂಚಿಕೆಯಲ್ಲಿ ಸಿಗೋಣ.