ಪ್ರೆಸ್ಟನ್ ನಗರದ ಸ್ತ್ರೀಯರ ಕಾಲ್ಚೆಂಡಿನ ಸಂಘ

ಬಾಲಿಕೆಯರಿಗೆ ವಿದ್ಯೆಯೊಡನೆ ಅಂಗಸಾಧನೆಯೂ ಆಟಗಳೂ ಅವಶ್ಯವೆಂಬ ಮಾತನ್ನು ಅಲ್ಲಗಳೆಯುವವರು ಈಗ ವಿರಳ. ಆದರೆ ಯಾವ ಆಟವು ಹೆಣ್ಣುಮಕ್ಕಳಿಗೆ ತಕ್ಕದ್ದು, ಯಾವುದು ತಕ್ಕದ್ದಲ್ಲ ಎಂದು ನಿರ್ಣಯಿಸತಕ್ಕವರು ಯಾರು? ಈ ಪ್ರಶ್ನೆಯು ಇಂಗ್ಲೆಂಡಿನಲ್ಲಿ ಒಮ್ಮೆ ಬಹು ತೀವ್ರವಾಗಿ ಎದ್ದಿತು. ಅದಕ್ಕೆ ಮುಖ್ಯ ಕಾರಣವಾದುದು ಲ್ಯಾಂಕಷೈರ್ ಪ್ರಾಂತದ ಪ್ರೆಸ್ಟನ್ ನಗರದಲ್ಲಿ ಹುಟ್ಟಿದ ಒಂದು ಕಾಲ್ಚೆಂಡಿನ ಸಂಘ. ಅದರ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಡಿಕ್-ಕರ್ ಎಂಬುದು ಟ್ರಾಮು ಗಾಡಿಗಳನ್ನೂ ರೈಲು ಯಂತ್ರಗಳನ್ನೂ ನಿರ್ಮಿಸುತ್ತಿದ್ದ ಕಾರ್ಖಾನೆ. ಮೊದಲನೆಯ ಮಹಾಯುದ್ಧವು ಒದಗಿದಾಗ ಅಲ್ಲಿ ಫಿರಂಗಿಯ ಗುಂಡುಗಳ ತಯಾರಿಕೆ ನಡೆಯತೊಡಗಿತು. ಗಂಡಸರು ರಣರಂಗಕ್ಕೆ ಹೋದುದರಿಂದ ಆ ಕೆಲಸಕ್ಕೆ ಯುವತಿಯರು ಬಂದು ಸೇರಿದರು. ವಿರಾಮದ ವೇಳೆಯಲ್ಲಿ ಅವರು ಕಾರ್ಖಾನೆಯ ಅಂಗಳದಲ್ಲಿ ಚೆಂಡನ್ನು ಒದೆದು ಆಡುತ್ತಿದ್ದರು. ಕಛೇರಿಯ ನೌಕರರಾಗಿದ್ದ ಆಲ್‌ಫ್ರೆಡ್ ಫ್ರಾಂಕ್ಲಂಡ್ ಎಂಬವರು ಇದನ್ನು ಕಂಡು, ಇವರ ಆಟದಿಂದ ಧರ್ಮಕಾರ್ಯಕ್ಕೆ ಹಣ ಕೂಡಿಸಬಹುದೆಂದು ಯೋಚಿಸಿದರು. 1917ನೆಯ ಇಸವಿಯ ಕ್ರಿಸ್ತಜಯಂತಿಯ ದಿನ ಡೀಪ್‌ಡೇಲ್ ಎಂಬ ಮೈದಾನದಲ್ಲಿ ಮತ್ತೊಂದು ಕಾರ್ಖಾನೆಯ ಸ್ತ್ರೀಯರೊಡನೆ ಪಂದ್ಯವು ನಡೆಯಿತು. ಸುಮಾರು 10,000 ಮಂದಿ ನೋಡಲು ನೆರೆದರು. ಡಿಕ್-ಕರ್ ಸ್ತ್ರೀಯರು 4 ಗೋಲುಗಳಿಂದ ಗೆದ್ದರು. ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗೆ ಸುಮಾರು 200 ಪೌಂಡು ದೊರೆಯಿತು.

ಯುದ್ಧವು ಮುಗಿದ ಮೇಲೆಯೂ ಸಂಘದ ಕೀರ್ತಿಯು ಕುಂದಲಿಲ್ಲ. 1920ರ ಎಪ್ರಿಲ್ ತಿಂಗಳಲ್ಲಿ ಫ್ರಾನ್ಸಿನ ಸ್ತ್ರೀಯರ ತಂಡವು ಪ್ರೆಸ್ಟನ್ನಿಗೆ ಬಂದು ಇವರೊಡನೆ ಆಡಿತು. ಅದೇ ವರುಷದ ದಶಂಬರದಲ್ಲಿ, ಕೆಲಸವಿಲ್ಲದೆ ಕಷ್ಟಪಡುತ್ತಿದ್ದ ಮಾಜಿ ಸೈನಿಕರ ಸಹಾಯಾರ್ಥವಾಗಿ ರಾತ್ರಿಯಲ್ಲಿ ಒಂದು ಪಂದ್ಯವನ್ನು ಏರ್ಪಡಿಸಿದರು. ಆಗ ಯುದ್ಧಮಂತ್ರಿಯಾಗಿದ್ದ ವಿನ್ಸ್ಟನ್ ಚರ್ಚಿಲರ ಅನುಮತಿಯಿಂದ ಸೈನ್ಯದ ಶೋಧಕದೀಪಗಳನ್ನು ತರಿಸಿ ಮೈದಾನಕ್ಕೆ ಬೆಳಕು ಬೀರಿದರು. ಚೆಂಡು ಕಾಣುವಂತೆ ಅದಕ್ಕೆ ಬಿಳಿಯ ಬಣ್ಣವನ್ನು ಬಳಿದರು. ಆ ತಿಂಗಳ 26ನೆಯ ತಾರೀಕಿನಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ಸ್ತ್ರೀಯರೊಡನೆ ನಡೆದ ಪಂದ್ಯಕ್ಕೆ 53,000 ಪ್ರೇಕ್ಷಕರು ಬಂದರು. ಸ್ಥಳವಿಲ್ಲದೆ ಸಾವಿರಾರು ಜನರು ಹೊರಗೆ ಉಳಿದರು. ಕೂಡಿದ ಹಣವು 3,000 ಪೌಂಡುಗಳಿಗಿಂತಲೂ ಹೆಚ್ಚು.

ಆದರೆ ಒಂದು ವರುಷ ತುಂಬುವುದರೊಳಗೆ ಈ ಸಂಘಕ್ಕೆ ದೊಡ್ಡ ವಿಘ್ನವು ಒದಗಿತು. 1921ರ ದಶಂಬರ 5ರಂದು ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಶನ್ ಸಭೆಯು, ಈ ಆಟವು ಸ್ತ್ರೀಯರಿಗೆ ಸರ್ವಥಾ ಯೋಗ್ಯವಲ್ಲವೆಂದೂ, ತನಗೆ ಸೇರಿದ ಯಾವ ಸಂಘವೂ ಅವರಿಗೆ ಮೈದಾನವನ್ನು ಕೊಡಕೂಡದೆಂದೂ ಗೊತ್ತುಮಾಡಿತು. ಕೂಡಿದ ಹಣದಲ್ಲಿ ಹೆಚ್ಚು ಭಾಗವು ಖರ್ಚಿಗೇ ಹೋಗುತ್ತದೆಂಬ ದೂರನ್ನೂ ಹೇಳಿತು. ಇದರಿಂದ ಮಾತಿನಲ್ಲಿ ಆಟವು ನಿಷಿದ್ಧವಾಗಲಿಲ್ಲ. ಆದರೆ ಸಾವಿರಾರು ಜನರು ಕುಳಿತು ನೋಡತಕ್ಕ ಸ್ಥಳಗಳೆಲ್ಲ ಆ ಸಭೆಗೆ ಸೇರಿದ ಸಂಘಗಳ ಕೈಯಲ್ಲಿಯೇ ಇದ್ದುದರಿಂದ ಫಲವು ನಿಷೇಧಕ್ಕೆ ಸಮಾನವಾಯಿತು. ಈ ಆಟದಿಂದ ಸ್ತ್ರೀಯರ ಶರೀರಕ್ಕೆ ಕೇಡೆಂದು ಕೆಲವು ವೈದ್ಯರೂ ನುಡಿದರು. ಇವರೇ ಯುದ್ಧಕಾಲದಲ್ಲಿ ದಿನವಿಡೀ ಫಿರಂಗಿಯ ಗುಂಡುಗಳನ್ನು ತಯಾರಿಸುತ್ತಿದ್ದಾಗ ಅವರ ಶರೀರದ ಚಿಂತೆಯು ಇಷ್ಟರ ಮಟ್ಟಿಗೆ ಯಾರನ್ನೂ ಬಾಧಿಸಿರಲಿಲ್ಲವೆಂಬುದನ್ನು ವಾಚಕರು ಆಲೋಚಿಸತಕ್ಕದ್ದು.

ಸ್ತ್ರೀಯರು ಎದೆಗುಂದಲಿಲ್ಲ. 1922ರಲ್ಲಿ ಸಮುದ್ರವನ್ನು ದಾಟಿ ಹೋದರು. ಕೆನಡಾದಲ್ಲಿ ಆಡಲು ಅಪ್ಪಣೆ ದೊರೆಯಲಿಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಗಂಡಸರ ತಂಡಗಳನ್ನೇ ಎದುರಿಸಬೇಕಾಯಿತು. ಆಡಿದ 9 ಪಂದ್ಯಗಳಲ್ಲಿ ಮೂರನ್ನು ಗೆದ್ದು, ಮೂರನ್ನು ಸರಿಸಮವಾಗಿ ಮುಗಿಸಿ, ಮೂರರಲ್ಲಿ ಮಾತ್ರ ಸೋತು ಹಿಂದಿರುಗಿದರು. 1926ರಲ್ಲಿ ಕಾರ್ಖಾನೆಯ ಸಂಬಂಧವು ಕಡಿದು, ಸಂಘವು ಪ್ರೆಸ್ಟನ್ ಲೇಡೀಸ್ ಎಂಬ ಹೆಸರನ್ನು ತಾಳಿತು. ದೊಡ್ಡ ಮೈದಾನಗಳಿಲ್ಲದಿದ್ದರೂ ಸಿಕ್ಕಿದ ಬಯಲುಗಳಲ್ಲಿ ಆಡುತ್ತ ಬಂದಿತು.

ಈ ಸಂಘದ ಆಟಗಾರ್ತಿಯರಲ್ಲಿ ಅತಿ ಪ್ರಖ್ಯಾತಳು ಲಿಲಿ ಪಾರ್. ಸೇಂಟ್ ಹೆಲೆನ್ಸ್ ಊರಿನ ಬಡ ಕುಟುಂಬವೊಂದರಲ್ಲಿ 1905ರಲ್ಲಿ ಹುಟ್ಟಿದ ಈಕೆಯು ಸುಮಾರು ಹದಿನಾಲ್ಕು ವರುಷದ ಪ್ರಾಯದಲ್ಲಿ ಸಂಘವನ್ನು ಸೇರಿದಳು. ಎಡಗಾಲಿನಿಂದ ಈಕೆಯು ಒದೆಯುವ ಚೆಂಡಿನ ರಭಸವು ಗಂಡಸರನ್ನೂ ಬೆರಗುಗೊಳಿಸುತ್ತಿತ್ತು. ವಿಟ್ಟಿಂಗ್‌ಹ್ಯಾಮ್ ಊರಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ದಾದಿಯಾಗಿ ಸೇವೆ ಮಾಡಿ ಜೀವನವನ್ನು ಸಾಗಿಸುತ್ತ, 1951ರ ವರೆಗೆ ಆಡಿ, 1978ರಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ಕಾಲ್ಚೆಂಡಿನ ಕೀರ್ತಿಮಂದಿರದಲ್ಲಿ 2002ರಲ್ಲಿ ಸ್ಥಾನ ಪಡೆದ ಪ್ರಥಮ ಸ್ತ್ರೀಯು ಈಕೆಯೇ. 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ಈಕೆಯ ಪ್ರತಿಮೆಯನ್ನು ಸ್ಥಾಪಿಸಿದರು.

ಸಂಘದ ಸ್ಥಾಪಕರಾದ ಫ್ರಾಂಕ್ಲಂಡರು 1957ರಲ್ಲಿ ನಿಧನ ಹೊಂದಿದರು. ಸಾಕಷ್ಟು ಆಟಗಾರ್ತಿಯರು ದೊರೆಯದೆ 1965ರಲ್ಲಿ ಸಂಘವೂ ಮುಚ್ಚಿತು. ಆ ನಿರ್ಬಂಧವು ತೆಗೆಯಲ್ಪಟ್ಟುದು 1971ರ ಹೊತ್ತಿಗೆ. ಅದನ್ನು ನೋಡುವ ಭಾಗ್ಯವು ಸಂಘಕ್ಕೆ ಒದಗಲಿಲ್ಲ. 2008ರಲ್ಲಿ ಅಸೋಸಿಯೇಶನ್ ಸಭೆಯು ತನ್ನ ಹಿಂದಿನ ನಡತೆಗಾಗಿ ಕ್ಷಮಾಪಣೆಯನ್ನು ಬೇಡಿತು. 2022ರಲ್ಲಿ ಇಂಗ್ಲೆಂಡಿನ ಸ್ತ್ರೀಯರು ವೆಂಬ್ಲಿ ಮೈದಾನದಲ್ಲಿ ಯೂರೋಪಿನ ಜಯಪದವಿಯನ್ನು ಗಳಿಸಿದಾಗ 87,000ಕ್ಕೂ ಮಿಕ್ಕ ಜನರು ನೆರೆದಿದ್ದರು.

ಐವತ್ತು ವರುಷಗಳೆಂದರೆ ಎರಡು ತಲೆಮಾರುಗಳು. ಆ ಅವಧಿಯಲ್ಲಿ ಆಡಲು ಶಕ್ತಿಯೂ ಆಸೆಯೂ ಇದ್ದು ಮೈದಾನವನ್ನೇ ಕಾಣದೆ ಹೋದ ಬಾಲಿಕೆಯರು ಎಷ್ಟು ಮಂದಿಯೋ! ಕ್ಷಮಾಪಣೆಯಿಂದ ಅವರ ಬಾಲ್ಯವು ಮರಳಿ ಬರಲಾರದು. ಆದಕಾರಣ ಇದು ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲವೆಂದು ನುಡಿಯುವುದಕ್ಕೆ ಮೊದಲು, ಅವರು ಏನನ್ನು ಮಾಡಿ ತೋರಿಸಿದ್ದಾರೆಂದು ನೋಡುವುದು ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಒಪ್ಪುವ ಕೆಲಸವು. ಈ ಶಾಲೆಯಲ್ಲಿ ಓದಿ ಈಗ ಸ್ವತಃ ತಾಯಂದಿರಾಗಿರುವ ಸಹೋದರಿಯರು ತಮ್ಮ ಕುಮಾರಿಯರು ಸಾಯಂಕಾಲ ಧೂಳಿನ ಕಾಲಿನಿಂದ ಮನೆಗೆ ಬಂದಾಗ ಪ್ರೆಸ್ಟನ್ನಿನ ಈ ಸ್ತ್ರೀಯರನ್ನು ನೆನೆಯುವರೆಂದು ನಂಬುತ್ತೇವೆ.