ಗೋದಲಿಯ ಬೊಂಬೆಗೆ ಯಾವ ಬಣ್ಣ?

ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಕಳೆದ ವರ್ಷದ ಬೈಹುಲ್ಲಿನ ನಡುವಿನಿಂದ ಒಂದೊಂದಾಗಿ ಹೊರಬರುವ ಬೊಂಬೆಗಳನ್ನು ಕಂಡಾಗ ಸಂತೋಷದೊಡನೆ ಸಣ್ಣದೊಂದು ವ್ಯಥೆಯೂ ಆಗುವುದುಂಟು. ಕುರಿಯ ಕಿವಿ ಮುರಿದಿದೆ, ಜ್ಞಾನಿಯೊಬ್ಬನ ಕಿರೀಟ ಕಪ್ಪಾಗಿದೆ, ಮಾತೆ ಮರಿಯಳ ಮೇಲುಹೊದಿಕೆಯ ನೀಲಿ ಮಾಸಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣ ಕಳೆದುಕೊಂಡಿರುವುದು ಬಾಲಯೇಸುವಿನ ಪಾದ. ಅದಕ್ಕೆ ಕಾರಣ ಮಳೆಯೂ ಅಲ್ಲ, ಇಲಿಯೂ ಅಲ್ಲ. ವರ್ಷ ವರ್ಷವೂ ಮನೆಯ ಹಿರಿಯರು, ಕಿರಿಯರು ಬಾಗಿ ಇಟ್ಟ ಮುತ್ತುಗಳೇ ಕಾರಣ.

ಆ ಪಾದಕ್ಕೆ ಮತ್ತೆ ಬಣ್ಣ ಬಳಿಯಬೇಕೆಂದು ಕೆಲವು ವರ್ಷಗಳ ಹಿಂದೆ ನಾವು ಹೊರಟೆವು. ಗೇಟಿಗೆ ಬಳಿದು ಉಳಿದಿದ್ದ ಬಣ್ಣದ ಡಬ್ಬಿ ಕೈಯಲ್ಲಿತ್ತು. ಅದಕ್ಕೆ ಬೆರೆಸಲು ಸ್ವಲ್ಪ ಬಿಳಿ ಬೇಕೆಂದು ಅಂಗಡಿಗೆ ಹೋದಾಗ, ವಿಷಯ ಕೇಳಿ ತಿಳಿದುಕೊಂಡ ಅಂಗಡಿಯವರು, "ಅದು ಕಬ್ಬಿಣಕ್ಕೆ ಹಾಕುವುದು ಮಾರಾಯ್ರೆ, ಮಕ್ಕಳು ಮುತ್ತಿಡುವ ಬೊಂಬೆಗೆ ಅದನ್ನು ಹಾಕ್ತೀರಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅಲಂಕಾರದ ಬಣ್ಣವನ್ನು ಕೊಳ್ಳುವಾಗ ನಾವು ಕಣ್ಣಿಗಿಂತ ಮೊದಲು ಬುದ್ಧಿಯನ್ನು ಉಪಯೋಗಿಸಲು ಕಲಿತೆವು. ಹಾಗೆ ಕಲಿತದ್ದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬಣ್ಣದಲ್ಲಿ ಅಡಗಿರುವ ಸೀಸ

ಹಳೆಯ ಕಾಲದಿಂದಲೂ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟು ಬೇಕಾಗುತ್ತಿತ್ತು. ಎಣ್ಣೆಬಣ್ಣ ಬೇಗ ಒಣಗಲೆಂದೂ ಸೀಸವನ್ನು ಸೇರಿಸುತ್ತಿದ್ದರು. ನಕ್ಷತ್ರಕ್ಕೂ ಗಂಟೆಗೂ ಜ್ಞಾನಿಗಳ ನಿಲುವಂಗಿಗೂ ನಾವು ಆರಿಸುವುದು ಹೆಚ್ಚಾಗಿ ಇವೇ ಬಣ್ಣಗಳನ್ನಲ್ಲವೇ? ಮಗುವಿನ ಬೆಳೆಯುತ್ತಿರುವ ಮೆದುಳಿಗೆ ಸೀಸವು ಶತ್ರು. ಇಷ್ಟು ಸೀಸ ದೇಹವನ್ನು ಸೇರಿದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಈ ವಿಷದ ಬಗ್ಗೆ ದೇಶವನ್ನು ಎಚ್ಚರಿಸಲು ದೀರ್ಘಕಾಲ ದುಡಿದವರು.

ಸರಕಾರವು 2016ರಲ್ಲಿ ನಿಯಮಗಳನ್ನು ರೂಪಿಸಿ, ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿತು. ಈ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿವೆ. ಆದರೆ ಕೈಗಾರಿಕಾ ಬಣ್ಣಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಬರಹವನ್ನು ಓದಿರಿ. ತಯಾರಕರ ವಿಳಾಸ, ತಯಾರಾದ ತಿಂಗಳು, ಸೀಸದ ಮಿತಿಯ ಉಲ್ಲೇಖ ಇವು ಇಲ್ಲದ ಡಬ್ಬಿ ಎಷ್ಟು ಅಗ್ಗವಾದರೂ ಬೇಡ. ಶೆಡ್ಡಿನ ಮೂಲೆಯಲ್ಲಿ ಹತ್ತಾರು ವರ್ಷಗಳಿಂದ ಬಿದ್ದಿರುವ ಡಬ್ಬಿಯಂತೂ ಖಂಡಿತ ಬೇಡ.

ಯಾವ ವಸ್ತುವಿಗೆ ಯಾವ ಬಣ್ಣ?

ಪೇಟೆಯಲ್ಲಿ ಸಿಗುವ ಬಣ್ಣಗಳಲ್ಲಿ ಮೂರು ಬಗೆಗಳು ನಮಗೆ ಮುಖ್ಯ. ಮಕ್ಕಳು ಶಾಲೆಗೆ ಒಯ್ಯುವ ಪೋಸ್ಟರ್ ಬಣ್ಣವು ಅಂಟಿನಲ್ಲಿ ಕಲಸಿದ ಪುಡಿ. ಅಗ್ಗವೂ ಹೌದು, ಬಳಸಲು ಸುಲಭವೂ ಹೌದು. ಆದರೆ ಒಣಗಿದ ಮೇಲೂ ನೀರು ತಗಲಿದರೆ ಕರಗುತ್ತದೆ. ಅಂಗಳದಲ್ಲಿ ತೂಗುಹಾಕಿದ ನಕ್ಷತ್ರಕ್ಕೆ ಇದನ್ನು ಬಳಿದರೆ ಒಂದು ರಾತ್ರಿಯ ಇಬ್ಬನಿ ಸಾಕು. ಎರಡನೆಯದು ಎನಾಮೆಲ್. ಇದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಎಣ್ಣೆಬಣ್ಣ. ಹೊಳಪು ಬಹಳ, ಬಾಳಿಕೆಯೂ ಬಹಳ. ಆದರೆ ಒಂದು ಲೇಪದ ಮೇಲೆ ಇನ್ನೊಂದನ್ನು ಹಚ್ಚಲು ಒಂದು ದಿನ ಕಾಯಬೇಕು. ಅದರ ವಾಸನೆಯನ್ನು ಮುಚ್ಚಿದ ಕೋಣೆಯಲ್ಲಿ ಸೇವಿಸುವುದು ಒಳ್ಳೆಯದಲ್ಲ. ಮೂರನೆಯದು ಅಕ್ರಿಲಿಕ್. ಹಸಿಯಾಗಿರುವಾಗ ನೀರಿನಲ್ಲಿ ಕರಗುತ್ತದೆ, ಕುಂಚವನ್ನು ನೀರಿನಲ್ಲೇ ತೊಳೆಯಬಹುದು. ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪೊರೆಯಂತಾಗಿ ನೀರಿಗೆ ಜಗ್ಗುವುದಿಲ್ಲ. ಮನೆಮಂದಿಯೆಲ್ಲ ಕುಳಿತು ಕೆಲಸ ಮಾಡುವುದಾದರೆ ನಾವು ಶಿಫಾರಸು ಮಾಡುವುದು ಇದನ್ನೇ.

ಸುಟ್ಟ ಮಣ್ಣಿನ ಬೊಂಬೆ ನೀರನ್ನು ಕುಡಿಯುತ್ತದೆ. ಅದನ್ನು ತೊಳೆದು, ಎರಡು ಮೂರು ದಿನ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಬಿಳಿಯ ಅಕ್ರಿಲಿಕ್ಕನ್ನು ತೆಳುವಾಗಿ ಕಲಸಿ ಮೊದಲ ಲೇಪ ಕೊಡಬೇಕು. ಇಲ್ಲವಾದರೆ ಮೇಲಿನ ಬಣ್ಣವೆಲ್ಲ ಮಣ್ಣಿನೊಳಕ್ಕೆ ಇಳಿದು ಮಂಕಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬೊಂಬೆಯೂ ಹಾಗೆಯೇ. ಹೊಸತಾಗಿ ಅಚ್ಚಿನಿಂದ ತೆಗೆದದ್ದಾದರೆ ಕರಾವಳಿಯ ತೇವದ ಹವೆಯಲ್ಲಿ ಅದಕ್ಕೆ ವಾರಕ್ಕಿಂತಲೂ ಹೆಚ್ಚು ಕಾಲ ಬೇಕು. ಒಳಗೆ ತೇವವಿರುವಾಗ ಎನಾಮೆಲ್ ಬಳಿದರೆ ಕ್ರಿಸ್ಮಸ್ಸಿಗೆ ಮೊದಲೇ ಅದು ಗುಳ್ಳೆಯೆದ್ದು ಸಿಪ್ಪೆಯಾಗಿ ಕಳಚುತ್ತದೆ. ಗೆರಟೆಯಿಂದ ಮಾಡಿದ ಅಲಂಕಾರಗಳಿಗೆ ಮೊದಲು ಮರಳುಕಾಗದದಿಂದ ಉಜ್ಜಿ ನುಣುಪನ್ನು ತೆಗೆಯಬೇಕು.

ಕ್ರಿಸ್ಮಸ್ ಮರದ ಗಾಜಿನ ಗುಂಡುಗಳು ಜರ್ಮನಿಯ ಲೌಷಾ ಎಂಬ ಊರಿನ ಗಾಜು ಕೆಲಸಗಾರರಿಂದ 19ನೆಯ ಶತಮಾನದಲ್ಲಿ ಪ್ರಸಿದ್ಧಿಗೆ ಬಂದವು. ಒಳಬದಿಗೆ ಬೆಳ್ಳಿಯ ಲೇಪ, ಹೊರಬದಿಗೆ ಕುಂಚದ ಕೆಲಸ ಅವುಗಳ ವೈಶಿಷ್ಟ್ಯ. ನುಣುಪಾದ ಗಾಜಿನ ಮೇಲೆ ಬಣ್ಣ ನಿಲ್ಲಬೇಕಾದರೆ ಬೆರಳಿನ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಗಾಜಿಗೆಂದೇ ತಯಾರಿಸಿದ ಬಣ್ಣವನ್ನು ಬಳಸುವುದು ಲೇಸು. ಥರ್ಮೋಕೋಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಾವೊಮ್ಮೆ ಥರ್ಮೋಕೋಲಿನ ದೇವದೂತನಿಗೆ ಸ್ಪ್ರೇ ಡಬ್ಬಿಯಿಂದ ಚಿನ್ನದ ಬಣ್ಣ ಸಿಂಪಡಿಸಿದೆವು. ನೋಡನೋಡುತ್ತಿದ್ದಂತೆ ದೇವದೂತನ ರೆಕ್ಕೆಗಳು ಕರಗಿಹೋದವು! ಡಬ್ಬಿಯಲ್ಲಿನ ದ್ರಾವಕವು ಥರ್ಮೋಕೋಲನ್ನೇ ತಿಂದುಬಿಡುತ್ತದೆ. ಅದಕ್ಕೆ ನೀರಿನ ಬಣ್ಣವೇ ತಕ್ಕದ್ದು.

ಇನ್ನೊಂದು ಸೂತ್ರವನ್ನು ನೆನಪಿಡಿರಿ: ಚೆನ್ನಾಗಿ ಒಣಗಿದ ಅಕ್ರಿಲಿಕ್ಕಿನ ಮೇಲೆ ಎನಾಮೆಲ್ ನಿಲ್ಲುತ್ತದೆ, ಎನಾಮೆಲ್ಲಿನ ಹೊಳಪಿನ ಮೇಲೆ ಅಕ್ರಿಲಿಕ್ ನಿಲ್ಲಲಾರದು.

ಬಣ್ಣಗಳ ಆಯ್ಕೆ

ಮರಿಯ ಮಾತೆಗೆ ನೀಲಿ ಬಣ್ಣ ಏಕೆ? ಹಿಂದೆ ಯುರೋಪಿನ ಚಿತ್ರಕಾರರಿಗೆ ಅತ್ಯುತ್ತಮ ನೀಲಿ ದೊರಕುತ್ತಿದ್ದುದು ಅಫಘಾನಿಸ್ತಾನದ ಬದಖ್ಶಾನ್ ಪ್ರದೇಶದ ಕಲ್ಲಿನಿಂದ. ಬಹಳ ದುಬಾರಿಯಾದ ಆ ಬಣ್ಣವನ್ನು ದೇವಮಾತೆಯ ಉಡುಪಿಗೆ ಮೀಸಲಿಡುವುದು ಅವರಿಗೆ ಭಕ್ತಿಯ ಕಾಣಿಕೆಯಾಗಿತ್ತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನಲ್ಲಿ ಇದನ್ನು ಕೃತಕವಾಗಿ ತಯಾರಿಸಲು ಕಲಿತ ಮೇಲೆ ಬಡವರ ಗೋದಲಿಗೂ ಅದೇ ನೀಲಿ ಎಟುಕಿತು. ಬಿಳಿ ಬಟ್ಟೆಗೆ ನಮ್ಮ ಹಿರಿಯರು ಹಾಕುತ್ತಿದ್ದ ನೀಲಿಯ ಪುಡಿಯೂ ಇದೇ ಕುಲದ್ದು.

ಮುಖದ ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಬಳಿಯಬೇಡಿರಿ. ಅಚ್ಚ ಗುಲಾಬಿಯ ಆ ಮುಖ ಬೆತ್ಲೆಹೇಮಿನದೂ ಅಲ್ಲ, ನಮ್ಮ ಊರಿನದೂ ಅಲ್ಲ. ಬಿಳಿಗೆ ಕಾವಿಯ ಹಳದಿ ಸೇರಿಸಿ, ತುಸು ಕೆಂಪು, ತುಸು ಕಂದು ಬೆರೆಸಿದರೆ ಗೋಧಿಯ ಬಣ್ಣದ ಜೀವಂತ ಮುಖ ಮೂಡುತ್ತದೆ. ಹೊಳಪಿನ ಗುಲಾಬಿ ಮತ್ತು ಹಸಿರು ಫ್ಲೋರೆಸೆಂಟ್ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಅಂಗಡಿಯ ಅಗ್ಗದ ಚಿನ್ನದ ಪುಡಿಯಲ್ಲಿರುವುದು ಚಿನ್ನವಲ್ಲ, ತಾಮ್ರ ಮತ್ತು ಸತುವಿನ ಮಿಶ್ರಣ. ನಮ್ಮ ಜ್ಞಾನಿಯ ಕಿರೀಟ ಕಪ್ಪಾದುದಕ್ಕೆ ಅದೇ ಕಾರಣ. ಪುಡಿಯು ಉಸಿರಿನೊಡನೆ ಒಳಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬಳಿದ ಮೇಲೆ ವಾರ್ನಿಷ್ ಲೇಪಿಸಬೇಕು.

ಹಳೆಯ ಬಾಲಯೇಸುವಿಗೆ ಏನು ಮಾಡೋಣ?

ಮಕ್ಕಳ ಕೈಗೂ ಬಾಯಿಗೂ ಸಿಗುವ ಅಲಂಕಾರಗಳ ಮಾತೇ ಬೇರೆ. ಅಂಥವಕ್ಕೆ ನಮ್ಮ ಚನ್ನಪಟ್ಟಣದ ಮಾದರಿಯೊಂದುಂಟು. ಚರಕಿಯ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಿಶಿನ, ನೀಲಿಗಿಡದಂತಹ ಸಸ್ಯಮೂಲದ ಬಣ್ಣಗಳನ್ನು ಬಳಸುವ ಕುಶಲಕರ್ಮಿಗಳು ಅಲ್ಲಿದ್ದಾರೆ; ಕೇಳಿ ತಿಳಿದು ಕೊಳ್ಳಬಹುದು.

ಅಜ್ಜನ ಕಾಲದ ಬೊಂಬೆಯ ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಅದನ್ನು ಒಣ ಮರಳುಕಾಗದದಿಂದ ಉಜ್ಜುವುದಾಗಲಿ, ಬೆಂಕಿ ತೋರಿಸಿ ಕೀಳುವುದಾಗಲಿ ಸರ್ವಥಾ ಕೂಡದು. ಮೇಲೇಳುವ ಧೂಳೇ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಣ್ಣವು ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡಿರಿ. ಸಿಪ್ಪೆ ಏಳುತ್ತಿದ್ದರೆ ಆ ಬೊಂಬೆಯನ್ನು ಮಕ್ಕಳ ಕೈಗೆ ಕೊಡಬೇಡಿರಿ.

ನಾವು ಕೊನೆಗೆ ಮಾಡಿದ್ದು ಇಷ್ಟೇ. ಹಳೆಯ ಬಾಲಯೇಸುವನ್ನು, ಸವೆದ ಪಾದದೊಡನೆಯೇ, ಗಾಜಿನ ಕಪಾಟಿನಲ್ಲಿ ಇರಿಸಿದೆವು. ಅದಕ್ಕೆ ಬಣ್ಣ ಬಳಿಯುವ ಮನಸ್ಸಾಗಲಿಲ್ಲ. ಆ ಸವೆತದಲ್ಲಿ ನಮ್ಮ ಹಿರಿಯರ ತುಟಿಗಳ ಗುರುತಿತ್ತು. ಗೋದಲಿಯಲ್ಲಿ ಮಲಗಿಸಲು ಮಣ್ಣಿನ ಹೊಸ ಕೂಸೊಂದನ್ನು ತಂದು, ಮುಖಕ್ಕೂ ಬಟ್ಟೆಗೂ ಅಕ್ರಿಲಿಕ್ ಬಳಿದು, ಪಾದಗಳನ್ನು ಮಾತ್ರ ಸುಟ್ಟ ಮಣ್ಣಿನ ಸಹಜ ಬಣ್ಣದಲ್ಲೇ ಬಿಟ್ಟೆವು. ಮುತ್ತಿಡುವ ಜಾಗಕ್ಕೆ ಯಾವ ಬಣ್ಣವೂ ಬೇಕಿರಲಿಲ್ಲ.

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚಿಯೋ ಗ್ರಾಮದಲ್ಲಿ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಣ್ಣವೆಲ್ಲ ಆಮೇಲೆ ಬಂದದ್ದು. ಅದನ್ನು ಬಳಿಯುವ ಸಂತೋಷ ನಮ್ಮದಾಗಲಿ. ಅದರಿಂದ ಒಂದು ಮಗುವಿಗೂ ಕೇಡಾಗದಿರಲಿ. ಈ ವರ್ಷದ ಕೆಲಸವನ್ನು ಆಗಮನ ಕಾಲದ ಮೊದಲ ವಾರದಲ್ಲೇ ಆರಂಭಿಸಿರಿ. ಬಣ್ಣಗಳು ಪೂರ್ತಿ ಒಣಗಲು ಹಬ್ಬದವರೆಗೆ ಬೇಕಾದಷ್ಟು ಕಾಲ ದೊರೆಯುತ್ತದೆ.