ಬೆಂಗಳೂರಿನ ಬಲೂನು, ಬಿಸಿಲಿನ ಕೊಳಗ

ಅಡಿಕೆ ಬೇಯಿಸಿ ಒಣಹಾಕುವ ದಿನಗಳಲ್ಲಿ ಶಿಕಾರಿಪುರ, ಸೊರಬದ ಕಡೆ ಎಲ್ಲರ ಕಣ್ಣೂ ಬಿಸಿಲಿನ ಮೇಲೆ. ಈಚೆಗೆ ಮನೆಯ ಮಾಡಿಗೆ ಸೋಲಾರ್ ಪ್ಯಾನೆಲ್ ಕೂರಿಸಿದಾಗ ಅದರ ಬೆನ್ನಿನ ಚೀಟಿ ಓದಿದೆ: ಚದರ ಮೀಟರಿಗೆ 1000 ವಾಟ್ ಬಿಸಿಲಿನಲ್ಲಿ ಅಳೆದದ್ದು. ವಾತಾವರಣದ ಆಚೆ ಅದೇ ಬಿಸಿಲು ಸುಮಾರು 1361 ವಾಟ್. ಅಲ್ಲಿಯ ಬಿಸಿಲಿಗೆ ಸೆಲ್ ಒಡ್ಡಿ ಅಳೆದವರು ಯಾರೆಂದು ಹುಡುಕುತ್ತ ಹೋದವನನ್ನು ದಾರಿ ಬೆಂಗಳೂರಿಗೆ ತಂದು ನಿಲ್ಲಿಸಿತು.

1939-40ರ ಚಳಿಗಾಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್, ಜೊತೆಗೆ ನೆಹರ್ ಮತ್ತು ವಿಲಿಯಂ ಪಿಕರಿಂಗ್, ವಿಶ್ವಕಿರಣ ಅಳೆಯಲು ಭಾರತಕ್ಕೆ ಬಂದರು. ಆಗ್ರಾ, ಪೆಶಾವರಗಳಲ್ಲಿ ಹಾರಿಸಿದಂತೆ ಬೆಂಗಳೂರಿನಲ್ಲೂ ಬಲೂನು ಹಾರಿಸಿದರು. ಬೆಂಗಳೂರು ಭೂಕಾಂತದ ಸಮಭಾಜಕಕ್ಕೆ ಹತ್ತಿರ. ಶಕ್ತಿ ಕಡಿಮೆಯಿರುವ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಅಲ್ಲಿ ತಿರುಗಿಸಿ ಕಳಿಸಿಬಿಡುತ್ತದೆ. ಗಟ್ಟಿ ಕಣಗಳಷ್ಟೇ ಒಳಗೆ ಬರುತ್ತವೆ. ಪಿಕರಿಂಗರ ಉಪಕರಣ ಎಣಿಕೆಯನ್ನು ರೇಡಿಯೊದಲ್ಲಿ ಕೆಳಗೆ ಕಳಿಸುತ್ತಿತ್ತು. ಬಲೂನು ಯಾವ ಹೊಲದಲ್ಲಿ ಬಿದ್ದರೂ ಲೆಕ್ಕ ಕೈತಪ್ಪುತ್ತಿರಲಿಲ್ಲ.

ಪಿಕರಿಂಗ್ 1954ರಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನಿರ್ದೇಶಕರಾದರು. 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹ ಮೊದಲ ಬಾರಿಗೆ ಸೌರಕೋಶಗಳನ್ನು ಬಾಹ್ಯಾಕಾಶಕ್ಕೆ ಒಯ್ದ ಮೇಲೆ ಅಳತೆಯ ತೊಡಕು ಎದ್ದಿತು. ನೆಲದ ಬಿಸಿಲಲ್ಲಿ ಅತಿನೇರಳೆಯ ಪಾಲನ್ನು ಓಜೋನ್ ನುಂಗಿರುತ್ತದೆ, ಅವಗೆಂಪಿನ ಪಾಲನ್ನು ನೀರಾವಿ ಹೀರಿರುತ್ತದೆ. ಪ್ರಯೋಗಶಾಲೆಯ ದೀಪವಂತೂ ಸೂರ್ಯನಲ್ಲ. ಹಾಗಾಗಿ ಪಿಕರಿಂಗರ ಲ್ಯಾಬೊರೇಟರಿ 1963ರಿಂದ ಸೆಲ್‌ಗಳನ್ನು ಬಲೂನಿನಲ್ಲೇ ಮೇಲಕ್ಕೆ ಕಳಿಸತೊಡಗಿತು. ಅವನ್ನು ಬಲೂನಿನ ನೆತ್ತಿಯ ಮೇಲೆ ಕೂರಿಸುತ್ತಿದ್ದರು. ಕೆಳಗೆ ತೂಗಿಬಿಟ್ಟರೆ ಬಲೂನಿನದೇ ನೆರಳು ಅಡ್ಡ ಬಂದೀತು. ಸೂರ್ಯನತ್ತ ತಿರುಗುತ್ತಲೇ ಇರುವ ಪೀಠ ಬೇರೆ. ಸುಮಾರು 36 ಕಿಲೋಮೀಟರ್ ಏರಿದರೆ ಗಾಳಿಯ ನೂರರಲ್ಲಿ 99 ಪಾಲು ಕೆಳಗುಳಿಯುತ್ತದೆ. ಇಳಿದು ಬಂದ ಸೆಲ್‌ಗಳು ಮುದ್ರೆಯೊತ್ತಿದ ಕೊಳಗದಂತೆ: ಉಪಗ್ರಹದ ಬೇರೆ ಸೆಲ್‌ಗಳನ್ನು ಅವುಗಳಿಗೆ ಹೋಲಿಸಿ ಅಳೆಯುತ್ತಿದ್ದರು.

ನಾನು ಓದಿದ ಕಾಲೇಜಿನಲ್ಲಿ ಮಿಲಿಕನ್ ಎಂದರೆ ಎಣ್ಣೆಹನಿಯ ಪ್ರಯೋಗ, ಪರೀಕ್ಷೆಗೊಂದು ಪ್ರಶ್ನೆ, ಅಷ್ಟೇ. ಆ ಮನುಷ್ಯ ಶಿವಮೊಗ್ಗದಿಂದ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ, ತಲೆಯೆತ್ತಿ ಬಲೂನು ನೋಡುತ್ತ ನಿಂತಿದ್ದರೆಂದು ಯಾರೂ ಹೇಳಲಿಲ್ಲ. ಈ ಸಂಕಟ ನನಗಿನ್ನೂ ಹೋಗಿಲ್ಲ. ಅಡಿಕೆ ಕಾಯುತ್ತ ಅಂಗಳದಲ್ಲಿ ಕೂತು ದಿನವಿಡೀ ಆಕಾಶ ನೋಡಿದ ಹುಡುಗರು ನಾವು.